ಮನೆಗೆ ಬಂದ ರಂಗಮಂದಿರ

ಚಿತ್ರಮಂದಿರಕ್ಕೆ ಹೋಗಿ ಸಿನಿಮಾ ನೋಡುವುದು ಲೇಸೋ, ಮನೆಯಲ್ಲಿಯೇ ದೊಡ್ಡ ಪರದೆ ತೂಗುಹಾಕಿ ಸುತ್ತಲೂ ನಾಲ್ಕಾರು ಸ್ಪೀಕರುಗಳನ್ನಿಟ್ಟುಕೊಂಡು ನೋಡುವುದು ಲೇಸೋ ಎಂಬ ಚರ್ಚೆ ಈಗ ಪಟ್ಟಣಗಳ ಮನೆಮನೆಯಲ್ಲಿ ನಡೆದಿದೆ. ಮನೆಯ ಪಕ್ಷದವರ ವಾದ ಬಲವಾದದ್ದೇ. ಟಿಕೀಟಿನ ದುಡ್ಡು ಉಳಿಯುತ್ತದೆ. ಮುದುಕರು ಮೆಟ್ಟಲು ಹತ್ತಬೇಕಾಗಿಲ್ಲ. ಕೂಸು ಅತ್ತರೆ ಯಾರೂ ಹೊರಳಿ ನೋಡುವುದಿಲ್ಲ. ಬೇಕೆನಿಸಿದಲ್ಲಿ ಚಿತ್ರವನ್ನು ನಿಲ್ಲಿಸಿ ಚಹ ಕುಡಿದು ಬರಬಹುದು. ಇಷ್ಟಕ್ಕೆಲ್ಲ ಚಿತ್ರಮಂದಿರದ ಪಕ್ಷದವರದು ಒಂದೇ ಉತ್ತರ: ‘ಅಲ್ಲಿಯ ಮಜಾನೇ ಬೇರೆ.’ ಆ ಮಜಾ ಯಾವುದೆಂದು ಬಿಡಿಸಿ ಕೇಳಿದರೆ ಅವರು ತಡವರಿಸುತ್ತಾರೆ.

ಚರ್ಚೆ ಹೊಸದಾಗಿ ಕಂಡರೂ ವಿಷಯ ಹಳೆಯದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಕಳೆದ ನೂರು ವರ್ಷಗಳಲ್ಲಿ ಆಟವೆಂಬುದು ಬಯಲಿನಿಂದ ಡೇರೆಗೆ, ಡೇರೆಯಿಂದ ಟಾಕೀಸಿಗೆ, ಟಾಕೀಸಿನಿಂದ ಪಡಸಾಲೆಗೆ ನಡೆದುಬಂದಿದೆ. ಆ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಿದರೆ ಎರಡು ಪಕ್ಷದವರ ಲೆಕ್ಕವೂ ಸ್ವಲ್ಪ ಸ್ಪಷ್ಟವಾದೀತು.

ಮೊದಲಿಗೆ ಮನೆಗೂ ಆಟಕ್ಕೂ ನಡುವೆ ಗೋಡೆಯೇ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಊರ ಅಗಸೆಯ ಮುಂದೋ ಗುಡಿಯ ಬಯಲಿನಲ್ಲೋ ಅಟ್ಟ ಕಟ್ಟಿ ದೊಡ್ಡಾಟ, ಸಣ್ಣಾಟಗಳನ್ನು ಆಡುತ್ತಿದ್ದರು. ಅಪರಾಳ ತಮ್ಮಣ್ಣ ರಚಿಸಿ ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತವಂತೂ ಕೃಷ್ಣೆ, ಘಟಪ್ರಭೆಗಳ ದಂಡೆಯ ಊರುಗಳಲ್ಲಿ ಮನೆಮಾತಾಗಿತ್ತು. ಟಿಕೀಟಿಲ್ಲ, ಬಾಗಿಲಿಲ್ಲ. ಗಂಡಸರು ಕಂಬಳಿ ಹಾಸಿಕೊಂಡು ಎದುರಿಗೆ ಕೂತರೆ ಹೆಂಗಸರು ಒಂದು ಬದಿಗೆ, ಇಲ್ಲವೆ ಹತ್ತಿರದ ಮನೆಗಳ ಕಟ್ಟೆ, ಮಾಳಿಗೆಗಳ ಮೇಲೆ. ಕೂಸಿಗೆ ನಿದ್ದೆ ಬಂದರೆ ಒಳಗೆ ಮಲಗಿಸಿ ಮತ್ತೆ ಬಂದು ಕೂಡಬಹುದಾಗಿತ್ತು. ಮನೆ ಬಿಡದೆಯೇ ಆಟ ನೋಡುವ ಸುಖ ಅಂದಿನವರಿಗೂ ಗೊತ್ತಿತ್ತು.

ಗೋಡೆಯನ್ನು ತಂದದ್ದು ಕಂಪನಿ ನಾಟಕ. ಅದು ಬಟ್ಟೆಯ ಗೋಡೆ, ತಗಡಿನ ಗೋಡೆ, ಆದರೂ ಗೋಡೆಯೇ. 1956ರ ವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಮರಾಠಿ ರಂಗಭೂಮಿಯ ಸಂಗೀತ, ಪರದೆಗಳ ವೈಭವ ನಮ್ಮವರಿಗೆ ಪರಿಚಿತವಾಗಿತ್ತು. ಅದಕ್ಕೆ ಸರಿದೊರೆಯಾಗಿ ಕನ್ನಡದ ಮಾತನ್ನು ರಂಗದ ಮೇಲೆ ಗುಡುಗಿಸಿದವರು ಆಗ ಹುನಗುಂದ ತಾಲೂಕಿಗೆ ಸೇರಿದ್ದ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿದ ಕಂದಗಲ್ ಹನುಮಂತರಾಯರು. ಅವರ ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಅಕ್ಷಯಾಂಬರ’ ನಾಟಕಗಳ ಮಾತುಗಳನ್ನು ಕಂಠಪಾಠ ಮಾಡಿಕೊಂಡ ಒಕ್ಕಲಿಗರು, ನೇಕಾರರು ಊರೂರಿಗೆ ಇದ್ದರು. ‘ರಕ್ತರಾತ್ರಿ’ಯನ್ನು ಹಳ್ಳಿಯ ಹವ್ಯಾಸಿಗಳು ಇಂದಿಗೂ ಆಡುತ್ತಾರೆ. ಅದೇ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಪುರಾಣವನ್ನು ಬಿಟ್ಟು ಹಳ್ಳಿಯ ಸಂಸಾರವನ್ನೇ ರಂಗಕ್ಕೆ ತಂದರು. ಅವರ ‘ಸಂಪತ್ತಿಗೆ ಸವಾಲ್’ ನಾಟಕದ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೊಮ್ಮೆ ಎದುರಾಗುತ್ತದೆ.

ಗೋಡೆ ಎದ್ದಾಗ ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆಯೂ ಎದ್ದಿತು. ಡೇರೆಯೊಳಗೆ ನೆಲ, ಬೆಂಚು, ಕುರ್ಚಿ ಎಂಬ ತರತಮ ಬಂದಿತು. ‘ಸ್ತ್ರೀಯರಿಗೆ ಪ್ರತ್ಯೇಕ ವ್ಯವಸ್ಥೆ ಇದೆ’ ಎಂಬ ಸಾಲು ಹಸ್ತಪತ್ರಿಕೆಗಳಲ್ಲಿ ತಪ್ಪುತ್ತಿರಲಿಲ್ಲ. ವ್ಯವಸ್ಥೆ ಇತ್ತು, ನಿಜ. ಆದರೆ ರಾತ್ರಿ ಹತ್ತಕ್ಕೆ ಮೊದಲಾಗಿ ಕೋಳಿ ಕೂಗುವ ಹೊತ್ತಿಗೆ ಮುಗಿಯುವ ಆಟಕ್ಕೆ ಮನೆಯ ಸೊಸೆ ಹೊರಡಬೇಕಾದರೆ ಅತ್ತೆ ಒಪ್ಪಬೇಕು, ಗಂಡ ಒಪ್ಪಬೇಕು, ಜೊತೆಗೆ ಬರುವವರು ಬೇಕು, ಬೆಳಗಿನ ರೊಟ್ಟಿಯ ಚಿಂತೆಯೂ ತೀರಬೇಕು. ಬಯಲಾಟವನ್ನು ಮಾಳಿಗೆಯ ಮೇಲಿಂದ ನೋಡಿದವಳ ಮಗಳಿಗೆ ಡೇರೆಯ ನಾಟಕ ವರ್ಷಕ್ಕೊಮ್ಮೆ ದೊರೆತರೆ ಹೆಚ್ಚು.

ಟಾಕೀಸು ಬಂದ ಮೇಲೂ ಈ ಕಟ್ಟು ಸಡಿಲಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತಾದರೂ ಅದರ ಚಿತ್ರೀಕರಣವಾದದ್ದು ನಮಗೆ ಹತ್ತಿರದ ಕೊಲ್ಲಾಪುರದಲ್ಲಿ. ಆ ಕಾಲದ ಸಿನಿಮಾಕ್ಕೆ ಈ ಸೀಮೆ ಕೊಟ್ಟ ದೊಡ್ಡ ಕಾಣಿಕೆಯೆಂದರೆ ಬೀಳಗಿಯ ಇಬ್ಬರು ಅಕ್ಕತಂಗಿಯರು: ಗೋಹರಬಾಯಿ ಕರ್ನಾಟಕಿ ಮತ್ತು ಅಮೀರಬಾಯಿ ಕರ್ನಾಟಕಿ. ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾಗಿ, ವಿಜಾಪುರದಲ್ಲಿ ತಮ್ಮ ಹೆಸರಿನ ಟಾಕೀಸನ್ನೇ ಕಟ್ಟಿಸಿದರು. ಬೀಳಗಿಯ ಹೆಣ್ಣುಮಗಳು ಟಾಕೀಸಿನ ಒಡತಿಯಾದಳು. ಆದರೆ ಅವಳ ಊರಿನ ಬಹಳಷ್ಟು ಹೆಣ್ಣುಮಕ್ಕಳಿಗೆ ಆ ಟಾಕೀಸಿನ ಮೆಟ್ಟಲು ದೂರವೇ ಇತ್ತು.

ಅವರ ಬಳಿಗೆ ಅಮೀರಬಾಯಿಯ ದನಿ ಬಂದದ್ದು ಗ್ರಾಮೋಫೋನಿನ ತಟ್ಟೆಯ ಮೇಲೆ, ಮುಂದೆ ರೇಡಿಯೋದಲ್ಲಿ. ಮನೆಗೆ ಬಂದ ಮೊದಲ ರಂಗಮಂದಿರ ಕಿವಿಯದೇ ಹೊರತು ಕಣ್ಣಿನದಲ್ಲ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ಸಂಗೀತ, ನಾಟಕಗಳು ಮನೆಯೊಳಗೆ ಬಂದವು. ಇಳಕಲ್ಲಿನಂಥ ಊರಿನಲ್ಲಿ ಇದರ ಬೆಲೆ ಹೆಚ್ಚು. ಅಲ್ಲಿ ಮನೆಯೇ ಕಾರಖಾನೆ. ಗಂಡ ಕುಣಿಯೊಳಗೆ ಕಾಲಿಳಿಬಿಟ್ಟು ಮಗ್ಗದಲ್ಲಿ ಕೂತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಸೀರೆಯ ಹಾಸಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ತೋಪುತೆನಿಯಿಂದ ಜೋಡಿಸುವ ಕೆಲಸ ಸಣ್ಣದಲ್ಲ. ಕೈ ಕಾಲು ಕಣ್ಣು ಮೂರಕ್ಕೂ ಕೆಲಸವಿದ್ದಾಗ ಬಿಡುವಾಗಿರುವುದು ಕಿವಿಯೊಂದೇ. ರೇಡಿಯೋ ಆ ಕಿವಿಯನ್ನು ಹಿಡಿದುಕೊಂಡಿತು.

ಇನ್ನು ಕಣ್ಣಿನ ಸರದಿ. ಇಲ್ಲಿ ಇತಿಹಾಸ ಒಂದು ವಿಚಿತ್ರವಾದ ತಿರುವು ಪಡೆದಿದೆ. ಟೆಲಿವಿಷನ್ ಮೊದಲು ಬೆಂಗಳೂರಿಗೆ ಬಂದು ಅಲ್ಲಿಂದ ನಮ್ಮ ಕಡೆಗೆ ಹಬ್ಬಿತೆಂದು ಎಣಿಸುವವರುಂಟು. ಆದದ್ದು ಹಾಗಲ್ಲ. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟೆಲಿವಿಷನ್ ಬೆಳಗಿತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ನಮ್ಮ ನಾಲ್ಕೂ ಊರುಗಳು ವಿಜಾಪುರ ಜಿಲ್ಲೆಯವೇ.

ಇದು ವಿಕ್ರಮ ಸಾರಾಭಾಯಿಯವರ ಕನಸು. 1969ರಲ್ಲಿ ಅಮೆರಿಕದೊಡನೆ ಆದ ಒಪ್ಪಂದದ ಮೇರೆಗೆ ಅವರ ಎಟಿಎಸ್-6 ಉಪಗ್ರಹ ಒಂದು ವರ್ಷದ ಮಟ್ಟಿಗೆ ನಮಗೆ ದೊರೆಯಿತು. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತ ಆ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಇಳಿಯುತ್ತಿತ್ತು. ಅದನ್ನು ಹಿಡಿಯಲು ಪ್ರತಿ ಹಳ್ಳಿಯಲ್ಲಿ ಮೂರು ಮೀಟರ್ ಅಗಲದ ತಂತಿಬಲೆಯ ಬುಟ್ಟಿ. ಬೆಳಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ತಾಸು, ಸಂಜೆ ಊರವರಿಗೆ ಎರಡೂವರೆ ತಾಸು. ಆ ವೇಳೆಯನ್ನು ಭಾಷೆಗಳು ಹಂಚಿಕೊಂಡಿದ್ದವು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಬೆಳೆಯ ರೋಗ, ಬಾಣಂತಿಯ ಆರೈಕೆ, ಕುಟುಂಬ ಯೋಜನೆ, ನಡುನಡುವೆ ಹಾಡು, ಕುಣಿತ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಆ ಪೆಟ್ಟಿಗೆ ಯಾರ ಮನೆಯಲ್ಲೂ ಇರಲಿಲ್ಲ. ಅದನ್ನು ಇಟ್ಟದ್ದು ಶಾಲೆಯಲ್ಲಿ, ಪಂಚಾಯಿತಿಯ ಕಟ್ಟಡದಲ್ಲಿ. ಅಂದರೆ ಟೆಲಿವಿಷನ್ ನಮ್ಮ ಸೀಮೆಗೆ ಬಂದದ್ದು ಬಯಲಾಟದ ಹಾಗೆ: ಟಿಕೀಟಿಲ್ಲದೆ, ಊರೆಲ್ಲ ನೆಲದ ಮೇಲೆ ಕೂತು ನೋಡುವ ಆಟವಾಗಿ. ಅದೇ ಹೊತ್ತಿನಲ್ಲಿ ಕೊಲಂಬೋದ ಒಂದು ಮನೆಯಲ್ಲಿ ಮಾತ್ರ ಅದೇ ಉಪಗ್ರಹದ ಚಿತ್ರ ಖಾಸಗಿಯಾಗಿ ಕಾಣುತ್ತಿತ್ತು. ಅದು ಲೇಖಕ ಆರ್ಥರ್ ಕ್ಲಾರ್ಕನ ಮನೆ. ಇಂಥ ಉಪಗ್ರಹಗಳ ಕಲ್ಪನೆಯನ್ನು 1945ರಲ್ಲಿಯೇ ಬರೆದು ಪ್ರಕಟಿಸಿದ್ದ ಆತನಿಗೆ ಭಾರತದ ವಿಜ್ಞಾನಿಗಳು ಗೌರವದಿಂದ ಬುಟ್ಟಿಯನ್ನು ಕೂರಿಸಿಕೊಟ್ಟಿದ್ದರು. ಒಂದು ಕಡೆ ಇಡೀ ಹಳ್ಳಿಗೆ ಒಂದು ಪೆಟ್ಟಿಗೆ, ಇನ್ನೊಂದು ಕಡೆ ಒಬ್ಬನಿಗೆ ಒಂದು ಪೆಟ್ಟಿಗೆ. ಕಾಲ ಯಾವ ಕಡೆಗೆ ವಾಲಿತೆಂಬುದನ್ನು ನಾವು ಬಲ್ಲೆವು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು; ಉಪಗ್ರಹ ತನ್ನವರ ಕಡೆಗೆ ತಿರುಗಿಕೊಂಡಿತು.

ಎರಡನೆಯ ಸಲ ಟೆಲಿವಿಷನ್ ಬಂದಾಗ ಅದು ಮನೆಯ ಬಾಗಿಲನ್ನೇ ತಟ್ಟಿತು. 1982ರಲ್ಲಿ ಬಣ್ಣ ಬಂದಿತು. 1984ರಲ್ಲಿ ದೇಶದ ತುಂಬ ಮರುಪ್ರಸಾರ ಕೇಂದ್ರಗಳೆದ್ದವು. ಮೊದಮೊದಲು ಓಣಿಗೊಂದು ಪೆಟ್ಟಿಗೆ. 1987ರ ಜನವರಿಯಲ್ಲಿ ‘ರಾಮಾಯಣ’ ಆರಂಭವಾದಾಗ ಭಾನುವಾರ ಬೆಳಗ್ಗೆ ಆ ಮನೆಯ ಪಡಸಾಲೆಯೇ ಡೇರೆಯಾಗುತ್ತಿತ್ತು. ಚಪ್ಪಲಿಗಳು ಹೊರಗೆ ರಾಶಿಬೀಳುತ್ತಿದ್ದವು. ಕೆಲವರು ಪರದೆಗೆ ಕಾಯಿ ಒಡೆದು ಊದಿನಕಡ್ಡಿ ಬೆಳಗುತ್ತಿದ್ದರು. ಬಳಿಕ ರಾತ್ರಿಯ ಬಾಡಿಗೆಗೆ ಸಿಗುವ ವಿಡಿಯೋ ಬಂದಿತು, 1990ರ ದಶಕದಲ್ಲಿ ಕೇಬಲ್ ಬಂದಿತು, 1994ರಲ್ಲಿ ಕನ್ನಡದ ಉದಯ ವಾಹಿನಿ ಬಂದಿತು. ಓಣಿಗೊಂದಿದ್ದದ್ದು ಮನೆಗೊಂದಾಯಿತು. ಕದ ಮುಚ್ಚಿತು.

ಈಗ ‘ಸಂಪತ್ತಿಗೆ ಸವಾಲ್’ ನೆನಪಿಗೆ ಬರಬೇಕು. ಹುನಗುಂದ ತಾಲೂಕಿನ ನಾಟಕಕಾರನ ಆ ಕೃತಿ 1974ರಲ್ಲಿ ರಾಜಕುಮಾರ್ ಅಭಿನಯದ ಚಲನಚಿತ್ರವಾಯಿತು. ಎಮ್ಮೆಯ ಮೇಲೆ ಕೂತು ನಾಯಕ ಹಾಡುವ ಅದರ ಹಾಡನ್ನು ಕೇಳದ ಕನ್ನಡಿಗರು ವಿರಳ. ಡೇರೆಯಲ್ಲಿ ನಾಟಕವಾಗಿದ್ದದ್ದು ಟಾಕೀಸಿನ ಚಿತ್ರವಾಗಿ, ದೂರದರ್ಶನದ ಚಿತ್ರವಾಗಿ, ಈಗ ಅಂಗೈಯ ಮೊಬೈಲಿನ ಚಿತ್ರವಾಗಿದೆ. ನಾಟಕಕ್ಕೆ ಹೋಗಲು ಅಪ್ಪಣೆ ದೊರೆಯದಿದ್ದ ಅಜ್ಜಿ ಅದೇ ಕಥೆಯನ್ನು ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ನೋಡಿದಳು. ಮನೆಯ ಪರದೆಯನ್ನು ಹಳಿಯುವವರು ಈ ಅಜ್ಜಿಯನ್ನು ಮರೆಯಬಾರದು. ಗೋಡೆಯೊಳಗಿದ್ದ ಆಟವನ್ನು ಗೋಡೆಯ ಹೊರಗಿದ್ದವರಿಗೆ ಮುಟ್ಟಿಸಿದ್ದು ಇದೇ ಪೆಟ್ಟಿಗೆ.

ಹೊರಗಿನ ಪ್ರಪಂಚದಲ್ಲಿಯೂ ಈ ಜಗ್ಗಾಟ ನಡೆದೇ ಇದೆ. ಅಮೆರಿಕದಲ್ಲಿ ಟೆಲಿವಿಷನ್ ಪ್ರೇಕ್ಷಕರನ್ನು ಸೆಳೆದುಕೊಂಡಾಗ ಸಿನಿಮಾದವರು 1953ರಲ್ಲಿ ಸಿನಿಮಾಸ್ಕೋಪಿನ ಅಗಲ ಪರದೆಯನ್ನು ಹರವಿದರು. ಮುಂದೆ ಟೆಲಿವಿಷನ್ನೂ ಅಗಲವಾಯಿತು. ಚಿತ್ರಮಂದಿರ ಧ್ವನಿಯನ್ನು ಸುತ್ತುವರಿಸಿತು. ಡಿವಿಡಿ ಬಂದ ಮೇಲೆ ಮುಂದೆ ಮೂರು, ಹಿಂದೆ ಎರಡು ಸ್ಪೀಕರು, ಗುಡುಗಿಗೆಂದೇ ಇನ್ನೊಂದು ಪೆಟ್ಟಿಗೆ ಹೀಗೆ ಆರು ದನಿಗಳು ಮನೆಗೂ ಬಂದವು. ಮನೆಯ ರಂಗಮಂದಿರ ಎಂದರೆ ಇದೇ. 2020ರಲ್ಲಿ ಕೊರೊನಾ ಚಿತ್ರಮಂದಿರಗಳ ಬಾಗಿಲು ಹಾಕಿಸಿದಾಗ ‘ಲಾ’, ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ಟಾಕೀಸಿನ ಮುಖವನ್ನೇ ನೋಡದೆ ನೇರವಾಗಿ ಮನೆಗಳಲ್ಲಿ ಬಿಡುಗಡೆಯಾದವು. ಚಿತ್ರಮಂದಿರದ ಪರದೆ, ದನಿ, ಮೊದಲ ದಿನದ ಮೊದಲ ಆಟ ಎಲ್ಲವೂ ಮನೆಗೆ ಬಂದಂತಾಯಿತು. ಬಾರದೆ ಉಳಿದದ್ದು ಒಂದೇ, ನೆರೆಯವರು.

ಬಾಗಲಕೋಟೆಯವರಿಗೆ ಈ ಮಾತು ಬೇಗ ತಿಳಿಯುತ್ತದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ತಗ್ಗಿನ ಭಾಗಗಳನ್ನು ನುಂಗಿತು. ಆ ಜನಕ್ಕಾಗಿ ಸೆಕ್ಟರುಗಳ ನವನಗರ ಎದ್ದಿತು. ಅಲ್ಲಿ ಬೀದಿಗಳು ಅಗಲವಾಗಿವೆ, ಮನೆಗಳಿಗೆ ಗಾಳಿ ಬೆಳಕಿದೆ. ಆದರೆ ಓಣಿಯನ್ನು ಹಾಗೆಯೇ ಕಿತ್ತು ಇನ್ನೊಂದೆಡೆ ನೆಡಲು ಬರುವುದಿಲ್ಲ. ‘ಬರತೀರೇನ್ರಿ ವೈನಿ, ಸಂಜಿ ಆಟಕ್ಕ ಹೋಗೂಣು?’ ಎಂದು ಗೋಡೆಯಾಚೆಯಿಂದ ಕೂಗುವವರು ಬೇರೆ ಸೆಕ್ಟರಿನಲ್ಲಿದ್ದರೆ, ಮನೆಯ ಪರದೆ ಆಯ್ಕೆಯಾಗಿ ಉಳಿಯುವುದಿಲ್ಲ, ಅದೊಂದೇ ದಾರಿಯಾಗುತ್ತದೆ.

ಹಾಗಾದರೆ ಕೂಡಿ ನೋಡುವ ಕಾಲ ಮುಗಿಯಿತೆ? ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಗೆ ಹೋದವರು ಹಾಗೆನ್ನಲಾರರು. ಚೊಳಚಗುಡ್ಡದ ಬನಶಂಕರಿಯ ತೇರು ಎಳೆದ ಮೇಲೆ ಸುಮಾರು ಒಂದು ತಿಂಗಳು ಅಲ್ಲಿ ನಾಟಕ ಕಂಪನಿಗಳ ಡೇರೆಗಳು ನಿಂತಿರುತ್ತವೆ. ಹಗಲು ಹೊಸ ಮನೆಗೆ ಬಾಗಿಲು ಚೌಕಟ್ಟು ವ್ಯಾಪಾರ ಮಾಡಿ, ಗುಡಿಯ ಬಳಿ ರೊಟ್ಟಿ, ಚಟ್ನಿ, ಗಟ್ಟಿ ಮೊಸರು ಉಂಡವರು ರಾತ್ರಿ ಡೇರೆಗಳ ಮುಂದೆ ಸಾಲುಗಟ್ಟುತ್ತಾರೆ. ಒಂದು ನಾಟಕ ಮುಗಿಸಿ ಇನ್ನೊಂದಕ್ಕೆ ನುಗ್ಗಿ ಬೆಳಗು ಮಾಡುವವರಿಗೂ ಕಡಿಮೆಯಿಲ್ಲ. ಇವರ ಮನೆಯಲ್ಲಿ ಟಿವಿ ಇಲ್ಲವೆಂದಲ್ಲ. ಜೇಬಿನಲ್ಲಿ ಮೊಬೈಲೂ ಇದೆ. ಆ ಡೇರೆಗಳಲ್ಲಿ ಹೆಣ್ಣುಮಕ್ಕಳೂ ಕೂತಿರುತ್ತಾರೆ. ದೇವಿಯ ದರ್ಶನಕ್ಕೆ ಹೊರಟವರಿಗೆ ಬೇಡವೆನ್ನುವವರಾರು?

ಅಲ್ಲಿ ದೊರೆಯುವುದೇನು? ಕಂಪನಿ ನಾಟಕದ ಹಳೆಯ ಪದವೊಂದು ಇದಕ್ಕೆ ಉತ್ತರ ಹೇಳುತ್ತದೆ: ‘ವನ್ಸ್ ಮೋರ್’. ಮನೆಯ ಪರದೆಯ ಮೇಲೂ ಮೆಚ್ಚಿದ ಹಾಡನ್ನು ಗುಂಡಿ ಒತ್ತಿ ಹಿಂದಕ್ಕೆ ತಿರುಗಿಸಬಹುದು; ನೂರು ಸಲ ತಿರುಗಿಸಿದರೂ ಅದೇ ಹಾಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಡೇರೆಯಲ್ಲಿ ಜನ ‘ವನ್ಸ್ ಮೋರ್’ ಎಂದು ಕೂಗಿದಾಗ ನಟ ಮರಳಿ ಬಂದು ಹಾಡುವುದು ಬೇರೆಯದೇ ಹಾಡು. ಕೂಗಿದವರ ಉಬ್ಬು ಅದರೊಳಗೆ ಸೇರಿರುತ್ತದೆ. ಮೊದಲ ಸಲ ಅವನು ಬರೆದಿದ್ದನ್ನು ಹಾಡಿದ. ಎರಡನೆಯ ಸಲ ಎದುರಿಗಿದ್ದವರಿಗಾಗಿ ಹಾಡಿದ. ಚಿತ್ರಮಂದಿರದ ಪಕ್ಷದವರು ಬಿಡಿಸಿ ಹೇಳಲಾರದ ‘ಮಜಾ’ ಈ ಎರಡನೆಯ ಹಾಡಿನ ನೆನಪೇ ಇರಬೇಕು. ಪರದೆಯ ಮೇಲಿನ ನಾಯಕ ಸಿಳ್ಳೆಗೆ ತಿರುಗಿ ನೋಡುವುದಿಲ್ಲ. ಆದರೂ ನಾವು ಸಿಳ್ಳೆ ಹಾಕುತ್ತೇವೆ, ಯಾಕೆಂದರೆ ಪಕ್ಕದವನು ನೋಡುತ್ತಾನೆ.

ಹೀಗಿರುವಾಗ ಎರಡು ಪಕ್ಷದವರೂ ಜಗಳವಾಡಬೇಕಾದ ಕಾರಣವಿಲ್ಲ. ಮನೆಯ ಪರದೆ ನ್ಯಾಯವಾಗಿಯೇ ಮನೆಗೆ ಬಂದಿದೆ; ಮುದುಕರಿಗೆ, ಬಾಣಂತಿಯರಿಗೆ, ಅಪ್ಪಣೆ ದೊರೆಯದವರಿಗೆ ಅದು ಮಾಡಿದ ಉಪಕಾರ ದೊಡ್ಡದು. ಆದರೆ ಪೆಟ್ಟಿಗೆಯ ಮುಂದೆ ಓಣಿಯೆಲ್ಲ ಕೂತಿದ್ದ ಆ ಭಾನುವಾರಗಳು ನಮ್ಮ ಮನೆಗಳಲ್ಲಿಯೇ ನಡೆದದ್ದು. ಪರದೆ ಈಗ ಹತ್ತು ಪಟ್ಟು ದೊಡ್ಡದಾಗಿದೆ. ಪಕ್ಕದ ಮನೆಯವರನ್ನು ಕರೆದರೆ ಕೂಡಿಸಲು ಜಾಗ ಆಗಲೂ ಇತ್ತು, ಈಗಲೂ ಇದೆ.