ದಿನಸಿ ಪೂರೈಕೆ ಸಂಹಿತೆ, ಬ್ರಿಟನ್

ಬ್ರಿಟನ್ನಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಮಗೆ ನೇರವಾಗಿ ಸರಕು ಒದಗಿಸುವವರೊಡನೆ ನ್ಯಾಯವಾಗಿ ವ್ಯವಹರಿಸಬೇಕೆಂದು ವಿಧಿಸುವ ನಿಯಮಾವಳಿ. ಅಲ್ಲಿನ ಸ್ಪರ್ಧಾ ಆಯೋಗ 2008ರಲ್ಲಿ ಮುಗಿಸಿದ ವಿಚಾರಣೆಯ ಫಲವಾಗಿ ಇದು 2010ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ವರ್ಷಕ್ಕೆ 100 ಕೋಟಿ ಪೌಂಡ್‌ಗೂ ಹೆಚ್ಚು ದಿನಸಿ ವಹಿವಾಟಿದ್ದು, ಹೀಗೆ ಗುರುತಿಸಲ್ಪಟ್ಟ ಕಂಪನಿಗಳಿಗೆ ಇದು ಅನ್ವಯ.

ಅನಿರೀಕ್ಷಿತ ಖರ್ಚು ಮತ್ತು ನಷ್ಟದ ಭಾರವನ್ನು ಬಲಶಾಲಿ ಖರೀದಿದಾರ ದುರ್ಬಲ ಮಾರಾಟಗಾರನ ಹೆಗಲಿಗೆ ಹೊರಿಸುತ್ತಿದ್ದುದೇ ಆಯೋಗವನ್ನು ಕಾಡಿದ ಸಂಗತಿ. ಆದ್ದರಿಂದ ಒಪ್ಪಂದದ ಷರತ್ತುಗಳನ್ನು ಹಿಂದಿನ ದಿನಾಂಕದಿಂದ ಬದಲಿಸುವುದಕ್ಕೆ ನಿರ್ಬಂಧವಿದೆ. ಅಂಗಡಿಯಲ್ಲಾದ ಕಳ್ಳತನದ ನಷ್ಟವನ್ನು ಪೂರೈಕೆದಾರರಿಂದ ವಸೂಲಿ ಮಾಡುವಂತಿಲ್ಲ. ಬಾಕಿಯನ್ನು ಸಮಂಜಸ ಅವಧಿಯೊಳಗೆ ತೀರಿಸಬೇಕು.

ಗಿರಾಕಿಯನ್ನು ಕಳೆದುಕೊಳ್ಳುವ ಭಯದಿಂದ ಪೂರೈಕೆದಾರರು ದೂರು ಕೊಡಲು ಹಿಂಜರಿಯುತ್ತಿದ್ದರು. 2013ರ ಕಾಯ್ದೆ ಇದಕ್ಕೆಂದೇ ಸ್ವತಂತ್ರ ತೀರ್ಪುಗಾರರ ಹುದ್ದೆ ಸೃಷ್ಟಿಸಿ, ದೂರುದಾರರ ಗುರುತನ್ನು ಗೋಪ್ಯವಾಗಿಡುವ ಹೊಣೆ ಹೊರಿಸಿತು. ಮೊದಲ ತೀರ್ಪುಗಾರ್ತಿ ಕ್ರಿಸ್ಟೀನ್ ಟೇಕನ್.

2016ರ ಜನವರಿಯಲ್ಲಿ ಅವರು ಪ್ರಕಟಿಸಿದ, ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ ಕುರಿತ ವರದಿ ಸಂಹಿತೆಯ ಅಗತ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಬೆಲೆಯ ದಾಖಲೆಯಲ್ಲಿನ ತಪ್ಪಿನಿಂದ ಒಬ್ಬ ಪೂರೈಕೆದಾರರಿಗೆ ಹಲವು ದಶಲಕ್ಷ ಪೌಂಡ್ ಬರಬೇಕಿತ್ತು; ತಪ್ಪು ಗೊತ್ತಾದ ಮೇಲೂ ಹಣ ಕೈಸೇರಲು 12 ತಿಂಗಳಿಗೂ ಹೆಚ್ಚು ಬೇಕಾಯಿತು. ಟೆಸ್ಕೊ ಗಂಭೀರವಾಗಿ ಸಂಹಿತೆ ಮುರಿದಿದೆ ಎಂದು ಟೇಕನ್ ನಿರ್ಣಯಿಸಿದರು. ಆದರೆ ವಹಿವಾಟಿನ ಶೇ 1ರವರೆಗೆ ದಂಡ ಹಾಕುವ ಅಧಿಕಾರ ದೊರೆತದ್ದು 2015ರ ಏಪ್ರಿಲ್‌ನಲ್ಲಿ. ನಡೆದದ್ದು ಅದಕ್ಕೂ ಮೊದಲಾದ್ದರಿಂದ ದಂಡ ಬೀಳಲಿಲ್ಲ.

ರೈತರ ಮಟ್ಟಿಗೆ ಈ ರಕ್ಷಣೆ ಅಪೂರ್ಣ. ಮಧ್ಯವರ್ತಿಗೆ ಹಾಲು, ತರಕಾರಿ ಮಾರುವವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಖರೀದಿ ದರ ಎಷ್ಟಿರಬೇಕೆಂಬುದನ್ನೂ ಸಂಹಿತೆ ನಿಗದಿಪಡಿಸುವುದಿಲ್ಲ.