ಉದ್ಯೋಗಸ್ಥಳದಲ್ಲಿ ಕೋಪ ನಿರ್ವಹಣೆ

ಉದ್ಯೋಗಸ್ಥಳದಲ್ಲಿ ಕೋಪ ನಿರ್ವಹಣೆ ಎಂದರೆ ಕೆಲಸದ ನಡುವೆ ಥಟ್ಟನೆ ಉಕ್ಕುವ ಸಿಟ್ಟು, ಅವಮಾನ, ಆತಂಕ ಮುಂತಾದ ಭಾವಗಳನ್ನು ಗುರುತಿಸಿ, ಅವು ಮಾತಾಗಿ ಅಥವಾ ಕೃತಿಯಾಗಿ ಹೊರಬೀಳುವ ಮೊದಲು ಹತೋಟಿಗೆ ತಂದುಕೊಂಡು, ಹೇಳಬೇಕಾದುದನ್ನು ಸಮಾಧಾನದಿಂದ ಹೇಳುವ ಕ್ರಮ. ಕೋಪವನ್ನು ನುಂಗಿಕೊಂಡು ಸುಮ್ಮನಿರುವುದು ಇದರ ಉದ್ದೇಶವಲ್ಲ. ಕೋಪಕ್ಕೆ ಕಾರಣವಾದ ದೂರನ್ನು ಅದಕ್ಕೆ ಉತ್ತರ ಕೊಡಬಲ್ಲವರಿಗೆ ಅರ್ಥವಾಗುವಂತೆ ತಲುಪಿಸುವುದೇ ಇದರ ಗುರಿ. ಕಚೇರಿ, ಬ್ಯಾಂಕು, ಆಸ್ಪತ್ರೆ, ಶಾಲೆಗಳಿಗೆ ಅನ್ವಯಿಸುವಂತೆಯೇ ಮೀನುಗಾರಿಕಾ ಬಂದರು, ಹೋಟೆಲು, ಮಾರುಕಟ್ಟೆಗಳಂತಹ ದುಡಿಮೆಯ ತಾಣಗಳಿಗೂ ಈ ವಿಷಯ ಅನ್ವಯಿಸುತ್ತದೆ.

ಪರಂಪರೆಯಲ್ಲಿ

ಭಾರತೀಯ ಚಿಂತನೆಯಲ್ಲಿ ಕ್ರೋಧವು ಅರಿಷಡ್ವರ್ಗಗಳಲ್ಲಿ ಒಂದು. ಭಗವದ್ಗೀತೆಯ ಎರಡನೆಯ ಅಧ್ಯಾಯವು ಕ್ರೋಧದಿಂದ ಸಮ್ಮೋಹ, ಅದರಿಂದ ಸ್ಮೃತಿಭ್ರಂಶ, ಅದರಿಂದ ಬುದ್ಧಿನಾಶ ಎಂಬ ಸರಣಿಯನ್ನು ವಿವರಿಸುತ್ತದೆ. 12ನೆಯ ಶತಮಾನದ ಬಸವಣ್ಣನವರು ತಮ್ಮ ವಚನವೊಂದರಲ್ಲಿ ಕೋಪವು ಅದು ಹುಟ್ಟಿದ ಮನೆಯನ್ನೇ ಮೊದಲು ಸುಡುತ್ತದೆ ಎಂಬ ಭಾವವನ್ನು ವ್ಯಕ್ತಪಡಿಸಿದ್ದಾರೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಗಳೂ ಇದೇ ಅನುಭವದಿಂದ ಹುಟ್ಟಿದವು.

ಶಾರೀರಿಕ ಹಿನ್ನೆಲೆ

ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯ ಮತ್ತು ಕ್ರೋಧಗಳು ದೇಹವನ್ನು ಹೋರಾಟಕ್ಕೆ ಅಥವಾ ಪಲಾಯನಕ್ಕೆ ಸಿದ್ಧಗೊಳಿಸುವ ಬಗೆಯನ್ನು ವಿವರಿಸಿದರು. ಆಗ ಅಡ್ರಿನಲಿನ್ ಸ್ರಾವವಾಗುತ್ತದೆ, ಎದೆಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅಪಾಯವನ್ನು ಗುರುತಿಸುವಲ್ಲಿ ಮಿದುಳಿನ ಅಮಿಗ್ಡಲಾ ಭಾಗಕ್ಕೆ ಮುಖ್ಯ ಪಾತ್ರವಿದೆ. ಪರಿಣಾಮವನ್ನು ತೂಗಿನೋಡುವ ಕೆಲಸದಲ್ಲಿ ಮಿದುಳಿನ ಮುಂಭಾಗದ ಪ್ರೀಫ್ರಂಟಲ್ ಕಾರ್ಟೆಕ್ಸ್ ತೊಡಗುತ್ತದೆ. ಎದುರಿಗಿರುವುದು ಕಾಡುಮೃಗವಾಗಿರದೆ ಮೇಲಧಿಕಾರಿಯ ಒಂದು ಬಿರುನುಡಿಯಾಗಿದ್ದರೂ ದೇಹದ ಸಿದ್ಧತೆ ಹೆಚ್ಚುಕಡಿಮೆ ಅದೇ ಆಗಿರುತ್ತದೆ. ಈ ಉದ್ರೇಕ ಇಳಿಯಲು ಸಮಯ ಬೇಕು. ಆದುದರಿಂದಲೇ ಉತ್ತರವನ್ನು ಸ್ವಲ್ಪ ತಡೆಹಿಡಿಯಬೇಕೆಂಬ ಸಲಹೆಯು ಈ ವಿಷಯದ ಎಲ್ಲ ಪದ್ಧತಿಗಳಲ್ಲಿಯೂ ಕಂಡುಬರುತ್ತದೆ.

ಆಧುನಿಕ ಅಧ್ಯಯನಗಳು

ಪೀಟರ್ ಸಲೋವೇ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. 1995ರಲ್ಲಿ ಪ್ರಕಟವಾದ ಡೇನಿಯಲ್ ಗೋಲ್ಮನ್ ಅವರ ಪುಸ್ತಕದಿಂದ ಅದು ಜನಪ್ರಿಯವಾಯಿತು. ಜೇಮ್ಸ್ ಗ್ರಾಸ್ 1998ರಲ್ಲಿ ನೀಡಿದ ಮಾದರಿಯು ಭಾವನೆಯನ್ನು ಐದು ಹಂತಗಳಲ್ಲಿ ತಿದ್ದಬಹುದೆಂದು ಹೇಳುತ್ತದೆ: ಸನ್ನಿವೇಶದ ಆಯ್ಕೆ, ಸನ್ನಿವೇಶದ ಮಾರ್ಪಾಡು, ಗಮನವನ್ನು ಬೇರೆಡೆಗೆ ಹೊರಳಿಸುವುದು, ನಡೆದುದರ ಅರ್ಥವನ್ನು ಮರುಪರಿಶೀಲಿಸುವುದು, ಕೊನೆಯದಾಗಿ ಪ್ರತಿಕ್ರಿಯೆಯ ಹತೋಟಿ. ಮುಖದಲ್ಲಿ ತೋರಗೊಡದೆ ಅದುಮಿಟ್ಟ ಭಾವನೆಯು ಒಳಗೆ ಕಡಿಮೆಯಾಗುವುದಿಲ್ಲ. ಅರ್ಥವನ್ನು ಮರುಪರಿಶೀಲಿಸುವುದು ಹೆಚ್ಚು ಫಲಕಾರಿ ಎಂಬುದು ಅವರ ಪ್ರಯೋಗಗಳ ಒಂದು ಮುಖ್ಯ ತೀರ್ಮಾನ.

ಕೋಪವನ್ನು ಕಾರಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆಯನ್ನು ಬ್ರಾಡ್ ಬುಷ್ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗವು ಬೆಂಬಲಿಸಲಿಲ್ಲ. ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಹೊಡೆದವರಲ್ಲಿ ಸಿಟ್ಟು ಇಳಿಯುವ ಬದಲು ಹೆಚ್ಚಿತ್ತು.

ಸಮಾಧಾನದ ಸಂವಹನ

ಮಾರ್ಷಲ್ ರೋಸೆನ್‌ಬರ್ಗ್ ರೂಪಿಸಿದ ಅಹಿಂಸಾತ್ಮಕ ಸಂವಹನ ಪದ್ಧತಿಯಲ್ಲಿ ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೋರಿಕೆ ಎಂಬ ನಾಲ್ಕು ಹೆಜ್ಜೆಗಳಿವೆ. ಇದರ ತಿರುಳೆಂದರೆ ವ್ಯಕ್ತಿಯ ಮೇಲೆ ತೀರ್ಪು ಕೊಡದೆ ನಡೆದ ಸಂಗತಿಯನ್ನು ಹೇಳುವುದು. ಬಂದರಿಗೆ ಮಂಜುಗಡ್ಡೆ ತಡವಾಗಿ ಬಂದ ಸಂದರ್ಭವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. "ನಿಮಗೆ ಎಷ್ಟು ಸಲ ಹೇಳಿದರೂ ಅಷ್ಟೇ" ಎಂಬ ಮಾತು ಜಗಳವನ್ನು ತೆರೆಯುತ್ತದೆ. "ಐಸು ಆರಕ್ಕೆ ಬರಬೇಕಿತ್ತು, ಏಳೂವರೆಗೆ ಬಂತು. ಮೀನು ಮೆತ್ತಗಾಗಿ ದರ ಇಳಿಯಿತು, ನನಗೆ ಗಾಬರಿಯಾಯಿತು. ನಾಳೆ ತಡವಾಗುವುದಾದರೆ ಮೊದಲೇ ಫೋನು ಮಾಡಿ" ಎಂಬುದು ನಷ್ಟವನ್ನೂ ಹೇಳುತ್ತದೆ, ಪರಿಹಾರವನ್ನೂ ಸೂಚಿಸುತ್ತದೆ.

ರೂಢಿಯಲ್ಲಿರುವ ಇತರ ಕ್ರಮಗಳು ಹೀಗಿವೆ:

• ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಆ ಕ್ಷಣದ ಭಾವನೆಗೆ ಮನಸ್ಸಿನಲ್ಲೇ ಒಂದು ಹೆಸರು ಕೊಡುವುದು.
• "ಹತ್ತು ನಿಮಿಷ ಬಿಟ್ಟು ಮಾತಾಡೋಣ" ಎಂದು ಹೇಳಿ, ಹೇಳಿದ ಸಮಯಕ್ಕೆ ಮರಳಿ ಬರುವುದು. ಮರಳದಿದ್ದರೆ ಅದು ಮುನಿಸೆನಿಸುತ್ತದೆ.
• ಸಿಟ್ಟಿನಲ್ಲಿ ಬರೆದ ಪತ್ರ ಅಥವಾ ವಾಟ್ಸ್ಆ್ಯಪ್ ಸಂದೇಶವನ್ನು ಕೂಡಲೇ ಕಳುಹಿಸದೆ ಮತ್ತೊಮ್ಮೆ ಓದುವುದು.
• ತಪ್ಪನ್ನು ತಿದ್ದುವ ಮಾತನ್ನು ಹತ್ತು ಜನರ ಎದುರು ಆಡದೆ ಪ್ರತ್ಯೇಕವಾಗಿ ಆಡುವುದು.
• ಹದ ತಪ್ಪಿ ಮಾತಾಡಿದ್ದರೆ, ನೆಪ ಹೇಳದೆ ಕ್ಷಮೆ ಕೇಳುವುದು.

ಮಲ್ಪೆ ಬಂದರಿನ ನಿದರ್ಶನಗಳು

ಉಡುಪಿ ಜಿಲ್ಲೆಯ ಮಲ್ಪೆಯು ಕರ್ನಾಟಕದ ಪ್ರಮುಖ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಆಳಸಮುದ್ರದ ದೋಣಿಗಳು ಹಲವು ದಿನ ಕಡಲಿನಲ್ಲೇ ಇರುತ್ತವೆ. ಅಷ್ಟು ದಿನವೂ ಇಕ್ಕಟ್ಟಿನ ಜಾಗದಲ್ಲಿ ಅದೇ ಮುಖಗಳು. ಮೀನು ಬೇಗ ಕೆಡುವ ಸರಕಾದ್ದರಿಂದ ಇಳಿಸುವಿಕೆ, ಏಲಂ, ಸಾಗಣೆ ಎಲ್ಲವೂ ಅವಸರದಲ್ಲೇ ನಡೆಯಬೇಕು. ತುಳು, ಕನ್ನಡ, ಕೊಂಕಣಿಗಳ ಜೊತೆಗೆ ಹೊರ ಜಿಲ್ಲೆ ಮತ್ತು ಹೊರ ರಾಜ್ಯಗಳಿಂದ ಬಂದ ಕಾರ್ಮಿಕರ ಭಾಷೆಗಳೂ ಅಲ್ಲಿ ಕೇಳಿಬರುತ್ತವೆ. ಇಂತಹ ಕಡೆ ಸಣ್ಣ ಮಾತೂ ತಪ್ಪಾಗಿ ಕೇಳಿಸುವ ಸಂಭವವಿದೆ.

2025ರ ಮಾರ್ಚ್ ತಿಂಗಳಿನಲ್ಲಿ ಈ ಬಂದರಿನಲ್ಲಿ ಮೀನು ಕದ್ದ ಆರೋಪದ ಮೇಲೆ ಮಹಿಳೆಯೊಬ್ಬರನ್ನು ಮರಕ್ಕೆ ಕಟ್ಟಿ ಹೊಡೆಯಲಾಯಿತು. ಘಟನೆಯ ದೃಶ್ಯಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಡಿದವು. ಪೊಲೀಸರು ಪ್ರಕರಣ ದಾಖಲಿಸಿ ಕೆಲವರನ್ನು ಬಂಧಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೃತ್ಯವನ್ನು ಖಂಡಿಸಿದರು. ಕಳವಿನ ಸಂಶಯ ಬಂದಾಗ ಪೊಲೀಸರಿಗೆ ದೂರು ಕೊಡುವ ಮಾರ್ಗ ತೆರೆದೇ ಇರುತ್ತದೆ. ಆ ಮಾರ್ಗವನ್ನು ಬಿಟ್ಟು ಸ್ಥಳದಲ್ಲೇ ಶಿಕ್ಷಿಸಲು ಹೊರಟಾಗ ದೂರುದಾರನಾಗಬೇಕಾದವನೇ ಆರೋಪಿಯಾಗುತ್ತಾನೆ; ಪೆಟ್ಟು ತಿಂದವರ ನೋವು ಮತ್ತು ಅವಮಾನಗಳನ್ನು ಅನಂತರದ ಯಾವ ರಾಜಿಯೂ ಅಳಿಸಲಾರದು.

ಇದಕ್ಕೆ ಭಿನ್ನವಾದ ನಿದರ್ಶನವೂ ಇದೇ ಊರಿನಲ್ಲಿದೆ. 2018ರ ಡಿಸೆಂಬರ್ ತಿಂಗಳಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಹುಡುಕಾಟದ ವಿಳಂಬದಿಂದ ನೊಂದ ಮೀನುಗಾರರು 2019ರ ಜನವರಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ನಡೆಸಿ, ಹೆದ್ದಾರಿ ತಡೆದು, ಶೋಧವನ್ನು ತೀವ್ರಗೊಳಿಸಬೇಕೆಂದು ಸರ್ಕಾರವನ್ನು ಒತ್ತಾಯಿಸಿದರು. ದೋಣಿಯ ಅವಶೇಷವನ್ನು ನೌಕಾಪಡೆಯು ಅದೇ ವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಪತ್ತೆಹಚ್ಚಿತು. ಇಲ್ಲಿ ದುಃಖ ಮತ್ತು ರೋಷಗಳು ದುರ್ಬಲರೊಬ್ಬರ ಮೇಲೆ ಎರಗದೆ, ಉತ್ತರಿಸಬೇಕಾದವರ ಮುಂದೆ ಬೇಡಿಕೆಯ ರೂಪದಲ್ಲಿ ಬಂದವು.

ಮಿತಿಗಳು

ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನ ಪರಿಚಾರಿಕೆಯರನ್ನೂ ಸಾಲವಸೂಲಿಗಾರರನ್ನೂ ಅಧ್ಯಯನ ಮಾಡಿ, 1983ರಲ್ಲಿ ಭಾವನಾತ್ಮಕ ಶ್ರಮ ಎಂಬ ಪರಿಕಲ್ಪನೆಯನ್ನು ವಿವರಿಸಿದರು. ಸಂಬಳಕ್ಕಾಗಿ ದಿನವಿಡೀ ನಗುಮುಖ ಧರಿಸುವುದು ಸಹ ದುಡಿಮೆಯೇ, ಅದಕ್ಕೂ ದಣಿವುಂಟು. ಬ್ಯಾಂಕಿನ ಕೌಂಟರಿನಲ್ಲಿ, ಹೋಟೆಲಿನ ಗಲ್ಲಾದಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸಮಾಡುವವರಿಗೆ ಇದು ಪರಿಚಿತವಾದ ದಣಿವು. ಶಾಂತರಾಗಿರಬೇಕೆಂಬ ಉಪದೇಶವು ಕೈಕೆಳಗಿನವರಿಗೆ ಮಾತ್ರ ಮೀಸಲಾದರೆ ಅದು ಅನ್ಯಾಯವನ್ನು ಮುಚ್ಚುವ ಸಾಧನವಾಗುತ್ತದೆ. ಹೆದರಿ ಸುಮ್ಮನಿರುವವನ ಮೌನವನ್ನು ಸಮಾಧಾನವೆಂದು ತಿಳಿಯಲಾಗದು. ಅತಿಯಾದ ಕೆಲಸ, ಬಾಕಿ ಸಂಬಳ, ನಿದ್ರೆಯ ಕೊರತೆಗಳು ಕೋಪದ ಮೂಲವಾಗಿದ್ದಲ್ಲಿ ಅವುಗಳನ್ನು ಸರಿಪಡಿಸದೆ ಉಸಿರಾಟದ ಅಭ್ಯಾಸವೊಂದರಿಂದಲೇ ಪರಿಹಾರ ದೊರೆಯದು. ಉದ್ಯೋಗಸ್ಥಳದ ಹಿಂಸೆ ಮತ್ತು ಕಿರುಕುಳವನ್ನು ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2019ರಲ್ಲಿ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿದೆ.

ನೆರವು

ಮೇಲಿಂದ ಮೇಲೆ ಹತೋಟಿ ಮೀರುವ ಕೋಪದ ಹಿಂದೆ ಖಿನ್ನತೆ, ಆತಂಕ ಅಥವಾ ಮದ್ಯವ್ಯಸನ ಇರಬಹುದು. ಆಗ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಸಲಹೆ ಅಗತ್ಯ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಉಚಿತ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಲಭ್ಯವಿದೆ.