ಲಾಸಾಕ್ಕೆ ಪರ್ಮಿಟ್: ಹೋಗುವವರು ಒಬ್ಬರು, ಹೊಣೆ ಇನ್ನೊಬ್ಬರದು

ಜಪಮಾಲೆಗೆ 108 ಮಣಿ ಎನ್ನುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಆದರೆ 1866ರ ಜನವರಿಯಲ್ಲಿ ಟಿಬೆಟ್‌ನ ಲಾಸಾ ಪಟ್ಟಣಕ್ಕೆ ನಡೆದು ಬಂದ ಒಬ್ಬ ಯಾತ್ರಿಕನ ಮಾಲೆಯಲ್ಲಿ ಇದ್ದದ್ದು 100 ಮಣಿ ಮಾತ್ರ. 100 ಹೆಜ್ಜೆ ಇಟ್ಟಾಗ ಒಂದು ಮಣಿ ಸರಿಸುತ್ತಿದ್ದ. ಮಾಲೆ ಒಂದು ಸುತ್ತು ಮುಗಿದರೆ 10,000 ಹೆಜ್ಜೆ, ಅಂದರೆ ಐದು ಮೈಲಿ. ಕೈಯಲ್ಲಿದ್ದ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿಗಳು.

ಆತನ ಹೆಸರು ನೈನ್ ಸಿಂಗ್ ರಾವತ್. ಕುಮಾವೂ ಗುಡ್ಡಗಾಡಿನ ಮಿಲಮ್ ಕಡೆಯ ಶಾಲಾ ಮೇಷ್ಟ್ರು. ಬ್ರಿಟಿಷರ ಭೂಮಾಪನ ಇಲಾಖೆ ಆತನಿಗೆ ತರಬೇತಿ ಕೊಟ್ಟು, ವೇಷ ಹಾಕಿಸಿ ಕಳಿಸಿತ್ತು. ಲಾಸಾದಲ್ಲಿ ದುಡ್ಡು ಮುಗಿದಾಗ ನೇಪಾಳಿ ವ್ಯಾಪಾರಿಗಳಿಗೆ ಲೆಕ್ಕ ಬರೆಯುವುದನ್ನು ಹೇಳಿಕೊಟ್ಟು ಹೊಟ್ಟೆ ಹೊರೆದನಂತೆ. ಮೇಷ್ಟ್ರು ಎಲ್ಲಿ ಹೋದರೂ ಮೇಷ್ಟ್ರೇ!

ಇಷ್ಟೆಲ್ಲ ಕಳ್ಳಾಟ ಏಕೆ? ಪರ್ಮಿಟ್ ಸಿಗುತ್ತಿರಲಿಲ್ಲ, ಅದಕ್ಕೆ. 1792ರಲ್ಲಿ ನೇಪಾಳದ ಗೂರ್ಖಾ ಸೈನ್ಯವನ್ನು ಚೀನಾದ ಚಕ್ರವರ್ತಿಯ ಪಡೆ ಟಿಬೆಟ್‌ನಿಂದ ಹಿಮ್ಮೆಟ್ಟಿಸಿತು. ಆಮೇಲೆ ಹೊರಗಿನವರಿಗೆ, ಅದರಲ್ಲೂ ಇಂಗ್ಲಿಷರಿಗೆ, ಬಾಗಿಲು ಬಿತ್ತು. ಆದರೂ ಟಿಬೆಟ್‌ಗೆ ಹೋಗಬೇಕೆಂಬ ಆಸೆ ಬಿಡಲಿಲ್ಲ. ವ್ಯಾಪಾರ, ಭಕ್ತಿ, ಬೇಹುಗಾರಿಕೆ, ಹುಚ್ಚು ಕುತೂಹಲ ಎಲ್ಲವೂ ಅದರಲ್ಲಿ ಸೇರಿದ್ದವು.

ಈ ಇತಿಹಾಸ ಓದುವಾಗ ನಮ್ಮನ್ನು ಹೆಚ್ಚು ಕಾಡಿದ್ದು ಹೋದವರ ಕಥೆಯಲ್ಲ, ಬಾಗಿಲು ತೆರೆದವರ ಕಥೆ. ಡಾರ್ಜಿಲಿಂಗ್‌ನ ಶಾಲೆಯೊಂದರ ಹೆಡ್‌ಮಾಸ್ಟರ್ ಶರತ್ ಚಂದ್ರ ದಾಸ್ 1879ರಲ್ಲಿ ಟಿಬೆಟ್‌ಗೆ ಹೋದದ್ದು ವೇಷದ ಬಲದಿಂದಲ್ಲ, ಪರವಾನಗಿ ಪತ್ರದಿಂದ. ಅಲ್ಲಿನ ಸೆಂಗ್‌ಚೆನ್ ಲಾಮಾ ಎಂಬ ದೊಡ್ಡ ಗುರುಗಳು ಅವರಿಗೆ ಆಶ್ರಯ ಕೊಟ್ಟು ಪಾಠ ಹೇಳಿಸಿಕೊಂಡರು. ದಾಸ್ 1881ರಲ್ಲಿ ಮತ್ತೆ ಹೋಗಿ, ಮರುವರ್ಷ ಲಾಸಾವನ್ನೂ ನೋಡಿ ಬಂದರು. ಅವರು ಬ್ರಿಟಿಷರಿಗೆ ಮಾಹಿತಿ ಒಯ್ದವರು ಎಂಬುದು ಆಮೇಲೆ ಬಯಲಾಯಿತು. ದಾಸ್ ಆಗ ಡಾರ್ಜಿಲಿಂಗ್‌ನಲ್ಲಿ ಕ್ಷೇಮವಾಗಿದ್ದರು. 1887ರಲ್ಲಿ ಲಾಮಾ ಅವರನ್ನು ನದಿಯಲ್ಲಿ ಮುಳುಗಿಸಿ ಕೊಂದರು. ಆತಿಥ್ಯ ಕೊಟ್ಟ ಇನ್ನೂ ಕೆಲವರು ಜೈಲು ಸೇರಿದರು.

ಜಪಾನಿನ ಬೌದ್ಧ ಭಿಕ್ಷು ಏಕಾಯ್ ಕವಾಗುಚಿ 1901ರಲ್ಲಿ ಲಾಸಾ ತಲುಪಿದಾಗಲೂ ಇದೇ ಆಯಿತು. ಗುಟ್ಟು ರಟ್ಟಾಗಿ ಆತ ಓಡಿಬಂದ, ಸ್ನೇಹಿತರು ಸಿಕ್ಕಿಬಿದ್ದರು. ಆದರೆ ಕವಾಗುಚಿ ಸುಮ್ಮನೆ ಕೂರಲಿಲ್ಲ. ಅವರನ್ನು ಬಿಡಿಸಿ ಎಂದು ನೇಪಾಳದ ಪ್ರಧಾನಿಯ ಬಾಗಿಲಿಗೆ ಹೋಗಿ ಬೇಡಿಕೊಂಡ. ಈ ಸಾಲಿನ ಯಾತ್ರಿಕರಲ್ಲಿ ನಮಗೆ ಇಷ್ಟವಾದವನು ಅವನೇ.

1904ರಲ್ಲಿ ಬ್ರಿಟಿಷರು ಪರ್ಮಿಟ್ ಕೇಳಲೇ ಇಲ್ಲ, ಬಂದೂಕು ಹಿಡಿದು ಲಾಸಾಕ್ಕೆ ನುಗ್ಗಿದರು. ಆಮೇಲೆ ಬೇರೆಯವರನ್ನು ತಡೆಯುವ ಕೆಲಸ ಅವರದೇ ಆಯಿತು. 1924ರಲ್ಲಿ ಫ್ರಾನ್ಸ್‌ನ ಅಲೆಕ್ಸಾಂಡ್ರಾ ಡೇವಿಡ್‌-ನೀಲ್ ಎಂಬ 55 ವರ್ಷದ ಹೆಂಗಸು ಭಿಕ್ಷುಕಿಯ ವೇಷದಲ್ಲಿ ಲಾಸಾ ಸೇರಿದ್ದು ಹಾಗಾಗಿಯೇ.

ಕೈಲಾಸ, ಮಾನಸ ಸರೋವರದ ಮಾತು ಬೇರೆ. ನಮ್ಮ ಯಾತ್ರಿಕರು ಅಲ್ಲಿಗೆ ಹಿಂದಿನಿಂದಲೂ ಹೋಗುತ್ತಿದ್ದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ 1931ರಲ್ಲಿ ಹೋಗಿ ಬಂದರು. 1954ರ ಭಾರತ-ಚೀನಾ ಒಪ್ಪಂದದಲ್ಲಿ ಯಾತ್ರಿಕರಿಗೆ ಬೇರೆ ದಾಖಲೆಯೇ ಬೇಡ, ಗಡಿ ಠಾಣೆಯಲ್ಲಿ ಹೆಸರು ಬರೆಸಿ ಯಾತ್ರೆಯ ಪರ್ಮಿಟ್ ತೆಗೆದುಕೊಂಡರೆ ಸಾಕು ಎಂದಿತ್ತು. 1962ರಲ್ಲಿ ಒಪ್ಪಂದವೂ ಮುಗಿಯಿತು, ದಾರಿಯೂ ಮುಚ್ಚಿತು. ಮತ್ತೆ ತೆರೆದದ್ದು 1981ರಲ್ಲಿ.

ಅದೇ ಕಾಲದಲ್ಲಿ ಚೀನಾ ಲಾಸಾವನ್ನು ವಿದೇಶಿ ಪ್ರವಾಸಿಗರಿಗೂ ಬಿಟ್ಟಿತು. 1980ರ ದಶಕದ ನಡುವೆ ಕೆಲವು ವರ್ಷ ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬೊಬ್ಬರೇ ಹೋಗಬಹುದಿತ್ತು. 1987ರಿಂದ ಪ್ರತಿಭಟನೆಗಳು ಶುರುವಾದವು, 1989ರಲ್ಲಿ ಲಾಸಾದಲ್ಲಿ ಸೈನಿಕ ಕಾನೂನು ಬಂತು, ಆ ಸಲಿಗೆ ಹೋಯಿತು. 2008ರ ಮಾರ್ಚ್‌ನ ಗಲಭೆಯ ನಂತರ ಇನ್ನಷ್ಟು ಬಿಗಿಯಾಯಿತು.

ಈಗಿನ ಕ್ರಮ ಹೀಗಿದೆ. ಮೊದಲು ಚೀನಾದ ವೀಸಾ. ಆಮೇಲೆ ಪಾಸ್‌ಪೋರ್ಟ್, ವೀಸಾದ ಪ್ರತಿಗಳನ್ನು ನೋಂದಾಯಿತ ಟ್ರಾವೆಲ್ ಏಜೆನ್ಸಿಗೆ ಕಳಿಸಬೇಕು. ಟಿಬೆಟ್ ಪರ್ಮಿಟ್‌ಗೆ ಅರ್ಜಿ ಹಾಕುವುದು ಅವರೇ, ನೀವು ನೇರವಾಗಿ ಹಾಕುವಂತಿಲ್ಲ. ಯಾವ ದಿನ ಯಾವ ಊರು ಎಂಬುದು ಮೊದಲೇ ಬರೆದಿರಬೇಕು, ಜೊತೆಗೆ ಗೈಡ್ ಇರಲೇಬೇಕು. ಲಾಸಾ ದಾಟಿದರೆ ಪೊಲೀಸರ ಇನ್ನೊಂದು ಕಾಗದ, ಗಡಿ ಕಡೆ ಹೋದರೆ ಸೈನ್ಯದ ಮತ್ತೊಂದು. ಪತ್ರಕರ್ತರಿಗೆ ಈ ದಾರಿಯೇ ಇಲ್ಲ, ಹಾಗಾಗಿ ನಾವು ಅರ್ಜಿ ಹಾಕುವ ಆಸೆ ಬಿಟ್ಟಿದ್ದೇವೆ. ಸ್ವತಂತ್ರ ಪ್ರವಾಸ ಎಂದು ಜಾಹೀರಾತು ಇರುತ್ತದೆ. ಒಬ್ಬರೇ ಹೋದರೂ ಕಾಗದದ ಲೆಕ್ಕದಲ್ಲಿ ಅದು ಒಬ್ಬರೇ ಇರುವ ಟೂರ್ ಪಾರ್ಟಿ!

ರೈಲು ಟಿಕೆಟ್ ಇದಕ್ಕೆ ಸೇರಿದ್ದಲ್ಲ. ಅದನ್ನು ಪಾಸ್‌ಪೋರ್ಟ್ ಹೆಸರಿನಲ್ಲಿ ಬೇರೆಯಾಗಿ ತೆಗೆಯಬೇಕು, ಬೇಸಿಗೆಯಲ್ಲಿ ಸ್ಲೀಪರ್ ಸಿಗುವುದು ಕಷ್ಟ. ಟಿಕೆಟ್ ಇದ್ದು ಪರ್ಮಿಟ್ ಇಲ್ಲದಿದ್ದರೆ ಲಾಸಾ ರೈಲು ಹತ್ತಲು ಬಿಡುವುದಿಲ್ಲ. ಶಿನಿಂಗ್‌ನಿಂದ ಲಾಸಾಕ್ಕೆ 1,956 ಕಿಲೋಮೀಟರ್. ಗೋಲ್ಮುಡ್‌ನಿಂದ ಆಚೆಗಿನ 1,142 ಕಿಲೋಮೀಟರ್ ಹಳಿಯ ಮೇಲೆ ಪ್ರಯಾಣಿಕರ ರೈಲು ಓಡಿದ್ದು 2006ರ ಜುಲೈ 1ರಂದು. ನೂರಾರು ಕಿಲೋಮೀಟರ್ ಹಳಿ ಸದಾ ಹೆಪ್ಪುಗಟ್ಟಿದ ನೆಲದ ಮೇಲಿದೆ. ಆ ನೆಲ ಕರಗಿದರೆ ಹಳಿ ಕುಸಿಯುತ್ತದೆ, ಅದಕ್ಕೇ ಪಕ್ಕದಲ್ಲಿ ಕೊಳವೆ ನೆಟ್ಟು ನೆಲವನ್ನು ತಂಪಾಗಿಡುತ್ತಾರೆ. ತಂಗ್‌ಗುಲಾ ಕಣಿವೆದಾರಿಯ ಎತ್ತರ 5,072 ಮೀಟರ್. ಉಸಿರು ಕಟ್ಟದಿರಲಿ ಎಂದು ಬೋಗಿಯೊಳಗೆ ಆಮ್ಲಜನಕ ಬಿಡುತ್ತಾರೆ.

ಪ್ರವಾಸಿ ದಾರಿ ತಪ್ಪಿ ನಡೆದರೆ, ಬೇಡದ ಕಡೆ ಫೋಟೊ ತೆಗೆದರೆ, ಅವನಿಗೆ ಹೆಚ್ಚೆಂದರೆ ಊರಿಗೆ ವಾಪಸ್ ಟಿಕೆಟ್. ವಿಚಾರಣೆಗೆ ನಿಲ್ಲುವುದು ಗೈಡ್, ಲೈಸೆನ್ಸ್ ಹೋಗುವ ಭಯ ಏಜೆನ್ಸಿಗೆ. ಅಲ್ಲಿ ಗೈಡ್‌ಗೆ ರಾಜಕೀಯದ ಪ್ರಶ್ನೆ ಕೇಳಬೇಡಿ ಎಂದು ಹೋಗಿ ಬಂದವರು ಹೇಳುವುದು ಇದಕ್ಕೇ.

ನಮ್ಮ ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪು ಶುರುವಾಗಿ 60 ವರ್ಷ ದಾಟಿತು. ಬಿ.ಡಿ. ಜತ್ತಿಯವರ ಕಾಲದಲ್ಲಿ ಮೈಸೂರು ಸರ್ಕಾರ ಕೊಟ್ಟ ಜಾಗ ಅದು. ಆ ರೈಲಿನಲ್ಲಿ ಒಮ್ಮೆ ಕೂರಬೇಕು ಎಂದು ಎಲ್ಲರಿಗಿಂತ ಮೊದಲು ಅನಿಸಬೇಕಾದವರು ಅಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಭಾರತ ಸರ್ಕಾರ ಕೊಟ್ಟ ನಿರಾಶ್ರಿತರ ನೋಂದಣಿ ಪತ್ರ. ಏಜೆನ್ಸಿ ಮೊದಲು ಕೇಳುವುದು ಪಾಸ್‌ಪೋರ್ಟ್.